ಪಾನಕದ ಪರಂಪರೆ ಮತ್ತು ಪರದೇಶದ ಪಂಕ್ತಿ

ತಾಳಿಕೋಟೆಯೆಂದೊಡನೆ ಇತಿಹಾಸದ ಓದುಗರಿಗೆ ನೆನಪಾಗುವುದು 1565ರ ಜನವರಿ 23ರ ಯುದ್ಧ. ಕಾಳಗ ನಡೆದದ್ದು ಕೃಷ್ಣೆಯ ದಡದ ರಕ್ಕಸಗಿ-ತಂಗಡಗಿಗಳ ಆಸುಪಾಸಿನಲ್ಲಾದರೂ ಹೆಸರು ಅಂಟಿಕೊಂಡದ್ದು ಈ ಊರಿಗೆ. ಆದರೆ ಆ ನೆಲದಲ್ಲಿ ಬಾಳುವವರಿಗೆ ಮೊದಲು ನೆನಪಾಗುವುದು ಡೋಣಿ ನದಿ. ಡೋಣಿಯ ಎರೆಮಣ್ಣು ಜೋಳವನ್ನು ಧಾರಾಳವಾಗಿ ಕೊಡುತ್ತದೆ. ನದಿಯ ನೀರು ಮಾತ್ರ ಸವುಳು. ಹೊಲ ತುಂಬಿದ್ದರೂ ಗಂಟಲು ಒಣಗುವ ಇಂತಹ ಸೀಮೆಯಲ್ಲಿ ದಾರಿಹೋಕನಿಗೆ ಸಿಹಿನೀರು ಕೊಡುವುದು ಉಪಚಾರವಷ್ಟೇ ಅಲ್ಲ, ಧರ್ಮಕಾರ್ಯ. ಬಿಸಿಲಿನಲ್ಲಿ ಬಂದ ಅತಿಥಿಗೆ ಬೆಲ್ಲ-ನೀರು ಕೊಟ್ಟು, ಆಮೇಲೆ ಊರು-ಹೆಸರು ಕೇಳುವ ರೂಢಿ ಇಲ್ಲಿ ಬೆಳೆದುಬಂದದ್ದು ಈ ಕಾರಣದಿಂದಲೇ. ಕನ್ನಡ ಶಾಸನಗಳು ಕೆರೆ, ಬಾವಿ, ಸತ್ರಗಳ ಜೊತೆಗೆ ಅರವಟ್ಟಿಗೆಗಳನ್ನೂ ದಾನಗಳ ಸಾಲಿನಲ್ಲಿ ಹೇಳುತ್ತವೆ. ಪ್ರಯಾಣಿಕನ ಪಾನೀಯವೆಂಬುದು ನಮ್ಮ ನಾಡಿನಲ್ಲಿ ಸಣ್ಣ ವಿಷಯವಾಗಿರಲಿಲ್ಲ.

ಇಂದು ಅದು ಬೇರೊಂದು ರೂಪದಲ್ಲಿ ಮತ್ತೆ ಎದುರಾಗಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯ ಮಕ್ಕಳು ಓದಿ, ಉದ್ಯೋಗ ಹಿಡಿದು, ಕಡಲಾಚೆಗೆ ಹೋಗುತ್ತಿದ್ದಾರೆ. ಅಲ್ಲಿ ಕೆಲಸದ ಮಾತು ಮುಗಿದ ಮೇಲೆ ಊಟದ ಮೇಜು. ಊಟಕ್ಕಿಂತ ಮೊದಲು ಬರುವ ಪ್ರಶ್ನೆ, ‘ಕುಡಿಯಲು ಏನು?’ ಮದ್ಯವನ್ನು ಮುಟ್ಟದ ಮನೆತನದಿಂದ ಬಂದ ತರುಣನು ಆ ಒಂದು ಕ್ಷಣದಲ್ಲಿ ತಡವರಿಸುತ್ತಾನೆ. ಅವನ ವ್ರತವನ್ನು ಅಲುಗಿಸುವುದು ಮದ್ಯದ ಆಸೆಯಲ್ಲ, ಸಂಕೋಚ. ಎಲ್ಲರ ಕೈಯಲ್ಲೂ ಲೋಟವಿರುವಾಗ ತನ್ನ ಕೈ ಬರಿದಾಗಿದೆಯೆಂಬ ಕೀಳರಿಮೆಯಿಂದ ಮುರಿದ ನಿಯಮಗಳು ಆಸೆಯಿಂದ ಮುರಿದವಕ್ಕಿಂತ ಕಡಿಮೆಯೇನೂ ಇರಲಾರವು.

ಈ ಸಂಕೋಚದ ಬೇರಿನಲ್ಲಿರುವುದು ಒಂದು ತಪ್ಪು ತಿಳಿವಳಿಕೆ. ಮದ್ಯವನ್ನು ಬಿಟ್ಟವನು ಪಾನದ ಸಂತೋಷವನ್ನೇ ಬಿಟ್ಟವನು ಎಂಬುದು ಅದು. ಜೈನ ಪರಂಪರೆಯ ಗ್ರಂಥಗಳು ಹಾಗೆ ಹೇಳುವುದಿಲ್ಲ. ಮದ್ಯ, ಮಾಂಸ, ಮಧುಗಳೆಂಬ ಮಕಾರತ್ರಯದ ತ್ಯಾಗವನ್ನು ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಶ್ರಾವಕನ ಮೂಲಗುಣಗಳಲ್ಲಿ ಸೇರಿಸಿದ್ದಾರೆ. ಅಮೃತಚಂದ್ರರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಮದ್ಯತ್ಯಾಗಕ್ಕೆ ಕೊಡುವ ಕಾರಣಗಳು ಮುಖ್ಯವಾಗಿ ಎರಡು: ಅದು ಮನಸ್ಸನ್ನು ಮೋಹಗೊಳಿಸುತ್ತದೆ, ಮೋಹಗೊಂಡವನು ಧರ್ಮವನ್ನು ಮರೆಯುತ್ತಾನೆ, ಹುಳಿತ ರಸದಲ್ಲಿ ಹುಟ್ಟುವ ಅಸಂಖ್ಯ ಜೀವಗಳಿಗೆ ಅದು ಹಿಂಸೆ. ಈ ಎರಡು ಕಾರಣಗಳಲ್ಲಿ ಒಂದಾದರೂ ಹಣ್ಣಿನ ರಸವನ್ನೋ ಮಜ್ಜಿಗೆಯನ್ನೋ ಸವಿಯುವುದಕ್ಕೆ ಅಡ್ಡಿಯಲ್ಲ. ಶ್ರಾವಕನ ಗುಣವ್ರತಗಳಲ್ಲಿ ದಿಗ್ವ್ರತವು ಸಂಚಾರಕ್ಕೆ ಎಲ್ಲೆ ಹಾಕುತ್ತದೆ, ಭೋಗೋಪಭೋಗ ಪರಿಮಾಣವು ಅನುಭೋಗಕ್ಕೆ ಅಳತೆ ಹಾಕುತ್ತದೆ. ಎಲ್ಲೆ, ಅಳತೆ ಎಂಬ ಮಾತುಗಳನ್ನು ಗಮನಿಸಬೇಕು. ಗೃಹಸ್ಥನಿಂದ ಕೇಳಿದ್ದು ಮಿತಿಯನ್ನು, ನೀರಸ ಬದುಕನ್ನಲ್ಲ.

ಕನ್ನಡ ಸಾಹಿತ್ಯವೇ ಇದಕ್ಕೆ ಸಾಕ್ಷಿ. 16ನೆಯ ಶತಮಾನದ ಆದಿಯಲ್ಲಿದ್ದ ಜೈನಕವಿ ಮೂರನೆಯ ಮಂಗರಸನು ನೇಮಿಜಿನೇಶ ಸಂಗತಿ, ಸಮ್ಯಕ್ತ್ವ ಕೌಮುದಿಗಳನ್ನು ಬರೆದ ಕೈಯಿಂದಲೇ ಸೂಪಶಾಸ್ತ್ರವನ್ನೂ ಬರೆದನು. ಷಟ್ಪದಿಯಲ್ಲಿರುವ ಈ ಪಾಕಗ್ರಂಥವು ಸಂಪೂರ್ಣ ಸಸ್ಯಾಹಾರದ್ದು. ಅದರಲ್ಲಿ ಪಾನಕಗಳಿಗೆಂದೇ ಒಂದು ಅಧ್ಯಾಯವಿದೆ. ಧರ್ಮಕಥೆಯನ್ನೂ ಪಾನಕದ ಹದವನ್ನೂ ಒಬ್ಬನೇ ಕವಿ ಹೇಳಬಲ್ಲನೆಂದರೆ, ಆ ಸಮಾಜವು ಸಂಯಮವನ್ನೂ ಸವಿಯನ್ನೂ ಶತ್ರುಗಳೆಂದು ಎಣಿಸಿರಲಿಲ್ಲ. ಅದಕ್ಕೂ ಹಿಂದೆ, 12ನೆಯ ಶತಮಾನದಲ್ಲಿ, ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಅನ್ನಭೋಗದ ಜೊತೆಗೆ ಪಾನೀಯಭೋಗವೆಂಬ ಪ್ರತ್ಯೇಕ ಭಾಗವನ್ನಿರಿಸಿದನು. ಇಂದಿನ ಇಂಡಿ-ವಿಜಯಪುರಗಳ ಸೀಮೆ ಅಂದು ತರ್ದವಾಡಿ ಸಾಸಿರವೆಂಬ ಹೆಸರಿನಿಂದ ಇದೇ ಚಾಲುಕ್ಯರ ಆಳ್ವಿಕೆಯಲ್ಲಿತ್ತು. ಪಾನೀಯವನ್ನು ಶಾಸ್ತ್ರವಾಗಿ ಕಂಡ ನಾಡಿನ ಮಗನು ಪರದೇಶದ ಪಂಕ್ತಿಯಲ್ಲಿ ‘ನನಗೇನೂ ಬೇಡ, ಬರೀ ನೀರು ಸಾಕು’ ಎಂದು ತಲೆತಗ್ಗಿಸಬೇಕಾಗಿಲ್ಲ.

ಪರದೇಶದಲ್ಲಿ ವ್ರತ ಉಳಿಸಿಕೊಂಡವರ ಕಥೆಗಳಲ್ಲಿ ಎಲ್ಲರಿಗೂ ತಿಳಿದದ್ದು ಮೋಹನದಾಸ ಗಾಂಧಿಯವರದು. 1888ರಲ್ಲಿ ಇಂಗ್ಲೆಂಡಿಗೆ ಹೊರಡುವ ಮುನ್ನ ಬೇಚರಜಿ ಸ್ವಾಮಿಗಳೆಂಬ ಜೈನ ಸಾಧುವಿನ ಮುಂದೆ ಮದ್ಯ, ಮಾಂಸ, ಪರಸ್ತ್ರೀಸಂಗಗಳನ್ನು ಮುಟ್ಟುವುದಿಲ್ಲವೆಂದು ಅವರು ಪ್ರತಿಜ್ಞೆ ಮಾಡಿದರು. ಆ ಪ್ರತಿಜ್ಞೆ ಮನೋಬಲವೊಂದರಿಂದಲೇ ಉಳಿಯಿತೆಂದು ಹೇಳುವುದುಂಟು. ಆತ್ಮಕಥೆಯನ್ನು ಗಮನವಿಟ್ಟು ಓದಿದವರಿಗೆ ಇನ್ನೊಂದು ಅಂಶ ಕಾಣುತ್ತದೆ. ಲಂಡನ್ನಿನ ಬೀದಿಗಳಲ್ಲಿ ಅರೆಹೊಟ್ಟೆಯಲ್ಲಿ ಅಲೆದ ಆ ತರುಣನಿಗೆ ಫ್ಯಾರಿಂಗ್‌ಡನ್ ಬೀದಿಯಲ್ಲಿ ಒಂದು ಸಸ್ಯಾಹಾರಿ ಭೋಜನಶಾಲೆ ಸಿಕ್ಕಿತು. ಇಂಗ್ಲೆಂಡಿಗೆ ಬಂದ ಮೇಲೆ ಮೊದಲ ಸಲ ಹೊಟ್ಟೆತುಂಬ ಉಂಡದ್ದು ಅಲ್ಲಿ. ಪ್ರತಿಜ್ಞೆ ಹೊರೆಯಾಗಿದ್ದುದು ಅಂದಿನಿಂದ ಒಲವಾಯಿತು. ವಕೀಲಿಯ ವಿದ್ಯಾರ್ಥಿಗಳ ಔತಣಗಳ ಪ್ರಸಂಗವಂತೂ ನಗೆ ತರಿಸುವಂಥದು. ನಾಲ್ವರ ಒಂದೊಂದು ಗುಂಪಿಗೆ ಎರಡು ಸೀಸೆ ದ್ರಾಕ್ಷಾರಸ. ಗಾಂಧಿಯವರು ಕುಡಿಯದ ಕಾರಣ ಉಳಿದ ಮೂವರಿಗೆ ಪಾಲು ಹೆಚ್ಚು. ಆದ್ದರಿಂದ ಅವರನ್ನು ತಮ್ಮ ಗುಂಪಿಗೆ ಸೇರಿಸಿಕೊಳ್ಳಲು ಎಲ್ಲರಿಗೂ ಆತುರ! ಕುಡಿಯದವನು ಪಂಕ್ತಿಗೆ ಹೊರಗಿನವನಾಗುತ್ತಾನೆಂಬ ಭಯಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಇಂದಿನ ಪ್ರವಾಸಿಗೆ ಅಷ್ಟು ಅಲೆದಾಟವೂ ಬೇಕಾಗಿಲ್ಲ. ಮದ್ಯವಿಲ್ಲದ ಪಾನೀಯಗಳ ಪರಂಪರೆ ಹಲವು ದೇಶಗಳಲ್ಲಿದೆ, ಹುಡುಕುವ ಕಣ್ಣಿರಬೇಕು. ತುರ್ಕಿಯ ಐರಾನ್, ಇರಾನಿನ ದೂಘ್ ಇವೆರಡೂ ಉಪ್ಪು ಬೆರೆಸಿದ ಮಜ್ಜಿಗೆಯ ಬಂಧುಗಳು. ತಾಳಿಕೋಟೆಯವನಿಗೆ ಮೊದಲ ಗುಟುಕಿಗೇ ಗುರುತು ಹತ್ತುತ್ತವೆ. ಈಜಿಪ್ಟಿನಲ್ಲಿ ಕೆಂಪು ದಾಸವಾಳದ ಜಾತಿಯ ಹೂವಿನಿಂದ ಮಾಡುವ ಕರ್ಕದೆ ಮತ್ತು ಬೀದಿಬೀದಿಗಳ ಕಬ್ಬಿನ ಹಾಲು. ಜಪಾನಿನಲ್ಲಿ ಹುರಿದ ಜವೆಗೋಧಿಯ ತಂಪುನೀರಾದ ಮುಗಿಚಾ. ಜರ್ಮನಿಯಲ್ಲಿ ಸೇಬಿನ ರಸಕ್ಕೆ ಸೋಡಾ ಬೆರೆಸಿದ ಆಪ್ಫೆಲ್‌ಶೋರ್ಲೆ. ಮೆಕ್ಸಿಕೋದಲ್ಲಿ ಅಕ್ಕಿ ನೆನೆಸಿ ಅರೆದು ಸೋಸಿದ ಓರ್ಚಾತಾ. ನಮ್ಮ ‘ಶರಬತ್ತು’ ಎಂಬ ಪದವೇ ಅರಬ್ಬಿಯಿಂದ ಹೊರಟು ಪರ್ಷಿಯಾ, ತುರ್ಕಿ, ಯುರೋಪು, ದಖ್ಖನ್ನುಗಳನ್ನೆಲ್ಲ ಸುತ್ತಿದ ಪ್ರವಾಸಿ. ಇವನ್ನು ಕೇಳಿ ಪಡೆದು ಸವಿಯುವವನು ಆ ನಾಡನ್ನು ಅರಿಯುತ್ತಾನೆ. ಮದ್ಯದ ಲೋಟ ಹಿಡಿದವನು ಮಾತ್ರ ಅರಿಯುತ್ತಾನೆಂಬುದು ಪೊಳ್ಳು ಮಾತು.

ಆದರೆ ಸವಿಯುವುದಕ್ಕೆ ಮೊದಲು ವಿಚಾರಿಸುವುದು ಶ್ರಾವಕಧರ್ಮದ ಭಾಗ. ‘ಮದ್ಯರಹಿತ’ ಎಂಬ ಚೀಟಿಯನ್ನು ಕಣ್ಣುಮುಚ್ಚಿ ನಂಬಲಾಗದು. ಜರ್ಮನಿಯಲ್ಲಿ ಶೇಕಡಾ 0.5ರವರೆಗೆ ಮದ್ಯಸಾರವಿರುವ ಬಿಯರೂ ಆ ಹೆಸರಿನಿಂದಲೇ ಮಾರಾಟವಾಗುತ್ತದೆ, ಅಮೆರಿಕೆಯಲ್ಲಿಯೂ 0.5ಕ್ಕಿಂತ ಕಡಿಮೆಯಿದ್ದರೆ ಹಾಗೆಯೇ ಕರೆಯಬಹುದು. ಕೊಂಬುಚಾ ಎಂಬ ಚಹಾ ಹುಳಿಯಿಸಿದ್ದು. ಸ್ಪೇನಿನ ವಲೆನ್ಸಿಯಾದ ಓರ್ಚಾತಾ ಅಕ್ಕಿಯದಲ್ಲ, ನೆಲದೊಳಗಿನ ಸಣ್ಣ ಗಡ್ಡೆಯದು. ಕಂದಮೂಲ ಬಿಟ್ಟವರಿಗೆ ಸಲ್ಲದು. ನಿಂಬೆಯ ಚಹಾಕ್ಕೆ ಜೇನು ಬೆರೆಸುವುದು ಅನೇಕ ಕಡೆ ವಾಡಿಕೆ. ಇಟಲಿಯ ತಿರಮಿಸುವಿನಂಥ ಸಿಹಿತಿನಿಸಿನಲ್ಲಿ ಮದ್ಯ ಸೇರಿರಬಹುದು. ಅನಸ್ತಮಿತ ವ್ರತದವರು ಗಡಿಯಾರಕ್ಕಿಂತ ಸೂರ್ಯನನ್ನು ನೋಡಬೇಕು. ಲಂಡನ್ನಿನಲ್ಲಿ ಜೂನ್ ತಿಂಗಳ ಸೂರ್ಯಾಸ್ತ ರಾತ್ರಿ ಒಂಬತ್ತರ ಮೇಲೆ, ಡಿಸೆಂಬರಿನಲ್ಲಿ ಸಂಜೆ ನಾಲ್ಕರ ಒಳಗೆ. ಬೇಸಗೆಯಲ್ಲಿ ಅತಿಥೇಯನ ಜೊತೆ ಕುಳಿತು ಉಣ್ಣಬಹುದಾದವನು ಚಳಿಗಾಲದಲ್ಲಿ ಮಧ್ಯಾಹ್ನದ ಊಟಕ್ಕೇ ಭೇಟಿಯನ್ನು ಗೊತ್ತುಮಾಡಿಕೊಳ್ಳುವುದು ಲೇಸು. ಇದನ್ನು ಮೊದಲೇ ನಗುಮೊಗದಿಂದ ತಿಳಿಸಿದರೆ ಬೇಸರಪಡುವ ಅತಿಥೇಯರು ವಿರಳ.

‘ಇಷ್ಟೆಲ್ಲ ವಿಚಾರಿಸುವ ಬದಲು ಹೊರಗೆ ಉಣ್ಣದಿರುವುದೇ ಮೇಲಲ್ಲವೆ?’ ಎಂದು ಹಿರಿಯರು ಕೇಳಬಹುದು. ಕಠಿಣ ನಿಯಮ ಹಿಡಿದವರಿಗೆ ಅದು ನಿಜ. ಸೋಸಿದ ನೀರಿಗೂ ಕಾಲಮಿತಿ ಎಣಿಸುವವರು ಅಂಗಡಿಯ ಸೀಸೆಯ ನೀರನ್ನು ಒಪ್ಪಲಾರರು, ಅವರ ನಿಷ್ಠೆ ಗೌರವಾರ್ಹ. ಆದರೆ ಉದ್ಯೋಗಕ್ಕೆಂದು ಹೊರಟ ಎಲ್ಲ ಗೃಹಸ್ಥರಿಂದ ಅದನ್ನು ನಿರೀಕ್ಷಿಸಿದರೆ, ಆಗದ ನಿಯಮವನ್ನು ಒಮ್ಮೆ ಕೈಬಿಟ್ಟವನು ಆಗಬಹುದಾದ ನಿಯಮವನ್ನೂ ಕೈಬಿಡುತ್ತಾನೆ. ‘ದೇಶಕ್ಕೆ ತಕ್ಕ ವೇಷ’ ಎಂದು ಎಲ್ಲಕ್ಕೂ ತಲೆಯಾಡಿಸುವುದೂ ಸರಿಯಲ್ಲ. ವೇಷ ಬದಲಿಸಿದವನು ಮನಸ್ಸನ್ನೂ ಬದಲಿಸಬೇಕೆಂದು ಆ ಗಾದೆ ಹೇಳುವುದಿಲ್ಲ. ಅಣುವ್ರತವೆಂಬ ಕಲ್ಪನೆ ಹುಟ್ಟಿದ್ದೇ ಈ ಎರಡು ತುದಿಗಳ ನಡುವಣ ದಾರಿಗಾಗಿ.

ಪರದೇಶವನ್ನಷ್ಟೇ ದೂರುವುದೂ ನ್ಯಾಯವಲ್ಲ. ವಿಜಯಪುರ ಸೀಮೆಯ ಹೆದ್ದಾರಿಗಳ ಊಟದ ಮನೆಗಳಲ್ಲಿ ಕುಡಿಯಲು ಏನಿದೆಯೆಂದು ಕೇಳಿದರೆ ಬಣ್ಣದ ಸೀಸೆಗಳ ಸಾಲನ್ನು ತೋರಿಸುವವರೇ ಹೆಚ್ಚು. ಬೆಲ್ಲದ ಪಾನಕ ಜಾತ್ರೆಗೆ, ಹಬ್ಬಕ್ಕೆ ಸೀಮಿತವಾಗುತ್ತಿದೆ. ಇದರ ನಡುವೆ ಇಂಡಿಯ ನಿಂಬೆ ಭೌಗೋಳಿಕ ಸೂಚಿ ಪಡೆದಿದೆ, ನಿಂಬೆ ಅಭಿವೃದ್ಧಿ ಮಂಡಳಿ ಇಂಡಿಯಲ್ಲಿಯೇ ಇದೆ, 2025ರಲ್ಲಿ ಆ ನಿಂಬೆ ಅರಬ್ ಸಂಯುಕ್ತ ಸಂಸ್ಥಾನಕ್ಕೂ ಬ್ರಿಟನ್ನಿಗೂ ರಫ್ತಾಯಿತು. ಹಣ್ಣು ಕಡಲು ದಾಟಿತು. ಅದನ್ನು ಬೆಳೆದ ನೆಲದಲ್ಲಿ ಅತಿಥಿಯ ಮುಂದೆ ಬರುವುದು ಕಾರ್ಖಾನೆಯ ಸೀಸೆ! ತನ್ನ ಪಾನಕವನ್ನು ತನ್ನ ಊರಿನ ಪಂಕ್ತಿಯಲ್ಲಿ ಗೌರವದಿಂದ ಬಡಿಸಿದ್ದನ್ನು ಕಂಡು ಬೆಳೆಯದ ಹುಡುಗನು ಪರರ ಪಂಕ್ತಿಯಲ್ಲಿ ಅದಕ್ಕೆ ಸಮನಾದದ್ದನ್ನು ಧೈರ್ಯದಿಂದ ಹೇಗೆ ಕೇಳಿಯಾನು?

ಆದುದರಿಂದ ಕೆಲಸ ಮನೆಯಿಂದಲೇ ಮೊದಲಾಗಬೇಕು. ಮದುವೆಗಳಲ್ಲಿ, ಸಭೆಗಳಲ್ಲಿ, ಊಟದ ಮನೆಗಳಲ್ಲಿ ಮಜ್ಜಿಗೆ, ನಿಂಬೆ, ಬೆಲ್ಲದ ಪಾನಕಗಳು ಮೊದಲ ಸಾಲಿಗೆ ಬರಲಿ. ಮಂಗರಸನ ಸೂಪಶಾಸ್ತ್ರ ಸಂಶೋಧಕರ ಕಪಾಟಿನಿಂದ ಅಡುಗೆಮನೆಗೆ ಇಳಿಯಲಿ. ವಿದೇಶಕ್ಕೆ ಹೊರಟ ಮಗನಿಗೆ, ಮಗಳಿಗೆ ‘ಕುಡಿಯಬೇಡ’ ಎಂಬ ಒಂದೇ ಮಾತನ್ನು ಕಟ್ಟಿಕೊಡದೆ, ಏನನ್ನು ಕೇಳಬೇಕು, ಹೇಗೆ ಕೇಳಬೇಕು ಎಂಬುದನ್ನೂ ಹಿರಿಯರು ಕಲಿಸಲಿ. ಸವುಳು ನೀರಿನ ಡೋಣಿಯ ದಡದಲ್ಲಿ ಬೆಲ್ಲ-ನೀರು ಕುಡಿದು ಬೆಳೆದವರಿಗೆ ಲೋಕದ ಯಾವ ಮೇಜಿನ ಮುಂದೆಯೂ ನಾಚಿಕೆಪಡುವ ಕಾರಣವಿಲ್ಲ.