ಗುರುತಿನ ಚೀಟಿಯೂ ತೋಟದ ಯಜಮಾನನೂ

1907ರಲ್ಲಿ ಪೂರ್ಣಗೊಂಡ ಮಾರಿಕಣಿವೆಯ ಅಣೆಕಟ್ಟು ವೇದಾವತಿಯನ್ನು ತಡೆದು ನಿಲ್ಲಿಸಿದ ಮೇಲೆ ಹಿರಿಯೂರಿನ ಸೀಮೆಯಲ್ಲಿ ತೋಟಗಳು ಬೆಳೆದುವು. ತೋಟ ಬೆಳೆದಲ್ಲಿ ಆಳುಗಳ ಅಭಾವವೂ ತಲೆದೋರುವುದು ಸಹಜವೇ. ಇಂದು ಹೊಳಲ್ಕೆರೆಯಲ್ಲಿ ಅಡಿಕೆ ಕೊನೆ ಇಳಿಸುವ ಕಾಲ ಬಂದಿತೆಂದರೆ, ಊರಿನ ಕೂಲಿಯವರು ಸಾಲದೆ, ಬಿಹಾರದಿಂದಲೋ ಅಸ್ಸಾಮಿನಿಂದಲೋ ಬಂದ ತರುಣರ ಗುಂಪು ಮೇಸ್ತ್ರಿಯೊಬ್ಬನ ಬೆನ್ನಿಗೆ ತೋಟದ ಮನೆಯ ಮುಂದೆ ಬಂದಿಳಿಯುತ್ತದೆ. ಇವರು ಈ ದೇಶದವರು ಹೌದೆ ಎಂಬ ಪ್ರಶ್ನೆಯೂ ಅವರೊಡನೆಯೇ ಬರುತ್ತದೆ. ಕೊಡಗಿನ ಕಾಫಿ ತೋಟಗಳಲ್ಲಿ ಇಂತಹವರ ದಾಖಲೆಗಳನ್ನು ಠಾಣೆಗೆ ಒಪ್ಪಿಸಬೇಕೆಂದು ಪೊಲೀಸರು ಮಾಲೀಕರಿಗೆ ಹೇಳುತ್ತ ಬಂದಿದ್ದಾರೆ. ಈ ಹೊಣೆ ಎಷ್ಟರಮಟ್ಟಿಗೆ ನ್ಯಾಯ್ಯವೆಂಬುದನ್ನು ನಮ್ಮ ಚಿತ್ರದುರ್ಗ ಜಿಲ್ಲೆಯವರೂ ವಿಚಾರಿಸುವುದು ಯುಕ್ತ.

ಯಜಮಾನನು ಕೇಳುವುದು ಆಧಾರ್. ಆದರೆ ಹನ್ನೆರಡು ತಿಂಗಳಲ್ಲಿ 182 ದಿನ ಇಲ್ಲಿ ವಾಸವಾಗಿದ್ದವನಿಗೆ ದೊರೆಯತಕ್ಕ ಆ ಚೀಟಿ ಪೌರತ್ವಕ್ಕೆ ಪ್ರಮಾಣವಲ್ಲವೆಂದು ಅದರ ಕಾನೂನೇ ಸಾರುತ್ತದೆ. ತಾನು ವಿದೇಶೀಯನಲ್ಲವೆಂದು ಸಾಧಿಸುವ ಭಾರವನ್ನು 1946ರ ವಿದೇಶೀಯರ ಕಾಯಿದೆ ಆಯಾ ವ್ಯಕ್ತಿಯ ಮೇಲೆಯೇ ಹೊರಿಸಿತ್ತು. ಅದನ್ನು ರದ್ದುಗೊಳಿಸಿದ 2025ರ ಕಾಯಿದೆಯೂ ಹಾಗೆಯೇ ಹೊರಿಸಿದೆ. ನ್ಯಾಯಾಧಿಕಾರಿಗಳೇ ವರ್ಷಗಟ್ಟಲೆ ತೂಗಿನೋಡುವ ಈ ವಿಷಯವನ್ನು, ಮಳೆ ಬರುವ ಮೊದಲು ಕೊನೆ ಇಳಿಸಿ, ಸುಲಿದು, ಬೇಯಿಸಿ ಒಣಗಿಸಬೇಕಾದ ರೈತನು ಜಗಲಿಯ ಮೇಲೆ ಕುಳಿತು ನಿರ್ಣಯಿಸಬೇಕೆಂದರೆ, ಅವನು ಕೊನೆಗೆ ನೋಡುವುದು ಮುಖವನ್ನು, ಕೇಳುವುದು ಮಾತಿನ ಧಾಟಿಯನ್ನು. ಪಶ್ಚಿಮ ಬಂಗಾಳದ ಮುರ್ಶಿದಾಬಾದಿನ ಪ್ರಜೆ ಬಂಗಾಳಿ ನುಡಿದನೆಂಬ ಮಾತ್ರಕ್ಕೆ ಗಡಿಯಾಚೆಯವನಾಗಿಬಿಡುತ್ತಾನೆ.

ಅಮೆರಿಕದಲ್ಲಿ 1986ರಿಂದ ಈ ಪರಿಶೀಲನೆ ಧಣಿಯ ಕರ್ತವ್ಯವಾಗಿರುವುದನ್ನು ಅಲ್ಲಿ ದುಡಿಯುವ ನಮ್ಮ ಮಕ್ಕಳೆಲ್ಲರೂ ಬಲ್ಲರು. ಆದರೆ ಅಲ್ಲಿ ಯಾವ ಯಾವ ಪತ್ರ ಸಾಕೆಂಬ ಪಟ್ಟಿಯುಂಟು. ಮೇಲ್ನೋಟಕ್ಕೆ ನೈಜವೆಂದು ತೋರಿದುದನ್ನು ಒಪ್ಪಬೇಕು. ಹುಟ್ಟಿದ ನಾಡನ್ನು ನೋಡಿ ಹೆಚ್ಚಿನ ಪತ್ರ ಕೇಳಿದರೆ ಅದೇ ಕಾನೂನುಭಂಗವಾಗುತ್ತದೆ. ಇಲ್ಲಿಯೋ, ಪಟ್ಟಿಯೂ ಇಲ್ಲ, ರಕ್ಷಣೆಯೂ ಇಲ್ಲ. ಠಾಣೆಯವರ ಬಾಯಿಮಾತು ಮಾತ್ರ ಉಂಟು.

ಕೂಲಿಗಾರನ ಲೆಕ್ಕವಿಡಬೇಕೆಂಬುದು ನಮಗೇನೂ ಹೊಸತಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ, ಐವರು ಅಥವಾ ಹೆಚ್ಚು ಮಂದಿಯನ್ನು ಕರೆತರುವ ಗುತ್ತಿಗೆದಾರನು ಪರವಾನಗಿ ಪಡೆಯಬೇಕೆಂದೂ, ಪ್ರತಿಯೊಬ್ಬನ ಕೈಗೂ ಭಾವಚಿತ್ರವಿರುವ ಪಾಸ್‌ಬುಕ್ಕನ್ನು ಕೊಡಬೇಕೆಂದೂ, ಅದರಲ್ಲಿ ಕೆಲಸದ ಸ್ಥಳ, ಅವಧಿ, ಕೂಲಿಯ ದರ, ಊರಿಗೆ ಮರಳುವ ವೆಚ್ಚ ಇವೆಲ್ಲವನ್ನೂ ಅವನಿಗೆ ತಿಳಿಯುವ ಭಾಷೆಯಲ್ಲಿಯೂ ಬರೆಯಬೇಕೆಂದೂ ವಿಧಿಸಿತ್ತು. ಆ ಪುಸ್ತಕವನ್ನು ನಮ್ಮ ಕಡೆ ಯಾವ ಕೂಲಿಗಾರನ ಕೈಯಲ್ಲಿಯೂ ನಾನು ಕಂಡದ್ದಿಲ್ಲ. ಅದಿಲ್ಲವೆಂದು ಯಾವ ಅಧಿಕಾರಿಯೂ ತೋಟಕ್ಕೆ ಬಂದು ಗದರಿಸಿದ್ದನ್ನೂ ಕೇಳಿಲ್ಲ. ಕೂಲಿಗಾರನಿಗೆ ಆಸರೆಯಾಗಬಹುದಾಗಿದ್ದ ಕಾಗದವನ್ನು ನಾಲ್ಕು ದಶಕ ಮರೆತಿದ್ದ ವ್ಯವಸ್ಥೆ, ಅವನನ್ನು ಶಂಕಿಸುವ ಕಾಗದಕ್ಕೆ ಇಷ್ಟು ಅವಸರಪಡುವುದು ವಿಚಿತ್ರವಾಗಿದೆ. ಹಳೆಯ ಕಾಯಿದೆಯ ಸ್ಥಾನಕ್ಕೆ ಬಂದ 2020ರ ಕಾರ್ಮಿಕ ಸಂಹಿತೆ ಐವರೆಂಬುದನ್ನು ಹತ್ತಕ್ಕೆ ಏರಿಸಿದೆ. ಏಳೆಂಟು ಜನರ ಗುಂಪುಗಳೇ ಹೆಚ್ಚಾಗಿರುವ ನಮ್ಮ ಸೀಮೆಯ ತೋಟಗಳು ಇದರಿಂದ ಬಹುಮಟ್ಟಿಗೆ ಹೊರಗುಳಿದಂತೆಯೇ.

ತಿಳಿದೂ ತಿಳಿದೂ ಅಕ್ರಮವಾಗಿ ಬಂದವನನ್ನು ಅಗ್ಗದ ಕೂಲಿಗೆಂದು ಬಚ್ಚಿಟ್ಟ ಧಣಿಗೆ ದಂಡವಾಗಲಿ. ಅದಕ್ಕೆ ನನ್ನ ಆಕ್ಷೇಪವಿಲ್ಲ. ಉಳಿದವರಿಂದ ಕೇಳತಕ್ಕದ್ದು ಇಷ್ಟೆ: ಬಂದವನ ಹೆಸರು, ಸ್ವಂತ ಊರು, ಕರೆತಂದ ಮೇಸ್ತ್ರಿ, ಒಪ್ಪಿದ ಕೂಲಿ, ಇವುಗಳನ್ನು ಗ್ರಾಮ ಪಂಚಾಯಿತಿಯ ಪುಸ್ತಕದಲ್ಲಿ ಬರೆಯಿಸಿ, ಅದರ ನಕಲನ್ನು ಅವನಿಗೇ ಕೊಡುವುದು. ಸಂಶಯ ಬಂದರೆ ವಿಚಾರಿಸುವ ಹೊಣೆ ಸರ್ಕಾರದ್ದು. ಮುಂಗಡದ ನೆಪದಿಂದ ಕೂಲಿಗಾರರ ಚೀಟಿಗಳನ್ನೆಲ್ಲ ತನ್ನ ಪೆಟ್ಟಿಗೆಯಲ್ಲಿ ಬೀಗ ಹಾಕಿಡುವ ಮೇಸ್ತ್ರಿಯನ್ನು ಮೊದಲು ಹಿಡಿದರೆ, ಠಾಣೆಯವರು ಕೇಳಿದಾಗ ತೋರಿಸುವುದಕ್ಕೆ ಆ ತರುಣರ ಕೈಯಲ್ಲಿ ಏನಾದರೂ ಇದ್ದೀತು.