ಹತ್ತಿಯ ಹೊಲ ಮತ್ತು ಗಾಜಿನ ಬಾಟಲಿ

ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಶಹಾಪುರ ಸೀಮೆಯಲ್ಲಿ ಬತ್ತದ ಗದ್ದೆಗಳು ಹೆಚ್ಚಿದವು. ಆದರೂ ನಮ್ಮ ಎರೆಭೂಮಿಗೂ ಹತ್ತಿಗೂ ಇರುವ ನಂಟು ಕಡಿದಿಲ್ಲ. ಅಂಗಾಂಶ ಕೃಷಿಯ ಬಾಳೆಸಸಿ ನೆಟ್ಟು ಲಾಭ ಕಂಡ ಬಂಧುಗಳಿಗೆ, ಹತ್ತಿಗೂ ಅಂಥ ಸಸಿಗಳು ದೊರೆಯಬಾರದೇ ಎನಿಸುವುದು ಸಹಜ. ಬಾಳೆಗೆ ಬಿತ್ತುವ ಬೀಜವಿಲ್ಲ, ಆದ್ದರಿಂದ ಸಸಿ ಬೇಕು. ಹತ್ತಿಗೆ ಬೀಜವಿದೆ, ಎಕರೆಗೆ ಸಾವಿರಾರು ಸಸಿಗಳನ್ನು ಕೊಂಡು ನೆಡುವುದು ಯಾರಿಗೂ ಗಿಟ್ಟದು. ಆದರೆ ಇಂದು ನಾವು ಬಿತ್ತುವ ಬಿಟಿ ಹತ್ತಿಯ ಮೂಲಗಿಡ ಹುಟ್ಟಿದ್ದು ಪ್ರಯೋಗಾಲಯದ ಬಾಟಲಿಯಲ್ಲಿಯೇ ಎಂಬುದು ಅನೇಕರಿಗೆ ತಿಳಿಯದು.

ಎಳೆಯ ಮೊಳಕೆಯ ಕಾಂಡದ ತುಣುಕನ್ನು, ಸಕ್ಕರೆ, ಲವಣ ಹಾಗೂ ಸಸ್ಯಚೋದಕಗಳನ್ನು ಬೆರೆಸಿದ ಅಗರದ ಮೇಲೆ ಇರಿಸುವರು. ಸೂಕ್ಷ್ಮಾಣು ಒಂದು ಹೊಕ್ಕರೂ ಎಲ್ಲವೂ ಕೊಳೆತುಹೋಗುವುದು. ತುಣುಕು ಮೊದಲು ಆಕಾರವಿಲ್ಲದ ಜೀವಕೋಶಗಳ ಮುದ್ದೆಯಾಗುತ್ತದೆ. ತಿಂಗಳುಗಟ್ಟಲೆ ಕಾದರೆ ಅದರಲ್ಲಿ ಬೀಜದೊಳಗಿನಂಥದೇ ಭ್ರೂಣಗಳು ಮೂಡುತ್ತವೆ, ಅವೇ ಗಿಡಗಳು. ತೊಡಕೆಂದರೆ, ಹತ್ತಿ ಬಲು ಹಟಮಾರಿ. ನಮ್ಮ ದೇಶದ ಹೆಚ್ಚಿನ ತಳಿಗಳು ಮುದ್ದೆಯ ಹಂತದಲ್ಲಿಯೇ ನಿಂತುಬಿಡುತ್ತವೆ. ಸುಲಭವಾಗಿ ಗಿಡವಾಗುವುದು ಅಮೆರಿಕದ ‘ಕೋಕರ್ 312’ ಎಂಬ ತಳಿ. ಕಾಯಿಕೊರಕವನ್ನು ಕೊಲ್ಲುವ ಜೀನನ್ನು ಅಲ್ಲಿಯ ಮಾನ್ಸಾಂಟೊ ಕಂಪನಿ ಸೇರಿಸಿದ್ದು ಆ ಕೋಕರಿಗೆ. ಬಳಿಕ ಪೀಳಿಗೆಯಿಂದ ಪೀಳಿಗೆಗೆ ಸಂಕರ ಮಾಡಿ ಅದನ್ನು ನಮ್ಮ ತಳಿಗಳಿಗೆ ತರಲಾಯಿತು. 2002ರ ಮಾರ್ಚಿಯಲ್ಲಿ ಭಾರತ ಸರಕಾರ ಇದಕ್ಕೆ ಅನುಮತಿ ನೀಡಿತು. ಬಂದದ್ದು ಹೈಬ್ರಿಡ್ ರೂಪದಲ್ಲಿ. ಮನೆಯ ಬೀಜ ಮುಂದಿನ ವರ್ಷಕ್ಕೆ ಅದೇ ಗುಣ ಕೊಡದು, ಪ್ರತಿ ಮುಂಗಾರಿಗೂ ಅಂಗಡಿಯ ಪೊಟ್ಟಣವೇ ಗತಿ. ಬೀಜದ ಡಬ್ಬಿಯನ್ನು ಬೂದಿಯಲ್ಲಿ ಕಾಪಿಡುತ್ತಿದ್ದ ನಮ್ಮ ಹಿರಿಯ ತಾಯಂದಿರ ಜಾಣ್ಮೆಗೆ ಇಲ್ಲಿ ಕೆಲಸವೇ ಉಳಿಯಲಿಲ್ಲ.

ಈ ಕೊರತೆಯನ್ನು ನೀಗಲೆಂದೇ ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಹಾಗೂ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಸೇರಿ ‘ಬಿಕಾನೇರಿ ನರ್ಮಾ’ ಎಂಬ ದೇಶೀಯ ತಳಿಗೆ ಬಿಟಿ ಗುಣ ನೀಡಲು ಶ್ರಮಿಸಿದವು. ಅದು ಹೈಬ್ರಿಡ್ ಅಲ್ಲ. ರೈತ ಬೀಜ ಉಳಿಸಿಕೊಳ್ಳಬಹುದಿತ್ತು. 2008ರಲ್ಲಿ ಅನುಮತಿಯೂ ದೊರೆಯಿತು. ಆದರೆ ಅದರಲ್ಲಿ ಮಾನ್ಸಾಂಟೊದ ಜೀನು ಬೆರೆತಿರುವುದು ಕಂಡುಬಂದು ಮಾರಾಟ ನಿಂತಿತು. ಆ ಆಸೆ ಅಷ್ಟಕ್ಕೇ ಮುರಿದುದು ನಮಗೆ ಇಂದಿಗೂ ನೋವಿನ ಸಂಗತಿ.

ಈಚೆಗೆ ಗುಲಾಬಿ ಕಾಯಿಕೊರಕ ಎರಡು ಜೀನಿನ ಬಿಟಿಯನ್ನೂ ಜೀರ್ಣಿಸಿಕೊಂಡಿದೆ. ಹೊಸ ಜೀನು ಬರಬೇಕಾದರೆ ಮತ್ತೆ ಬಾಟಲಿಯಿಂದ ಆರಂಭವಾಗಬೇಕು, ವರ್ಷಗಳೇ ಬೇಕು. ಅಲ್ಲಿಯವರೆಗೆ ಕೊನೆಯ ಹತ್ತಿ ಬಿಡಿಸಿದೊಡನೆ ಗಿಡಗಳನ್ನು ಕಿತ್ತು ಹೊಲ ತೆರವು ಮಾಡಿರಿ. ಹತ್ತಿಕಟ್ಟಿಗೆಯನ್ನು ಬದುವಿನ ಮೇಲೆ ಒಟ್ಟದಿರಿ, ಹುಳು ಅಲ್ಲಿ ಅಡಗಿರುತ್ತದೆ. ಸಂದೇಹವಿದ್ದವರು ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯದಲ್ಲಿ ವಿಚಾರಿಸಬಹುದು.