ಲಾರಿಯ ದಾಖಲೆ ಸಿಗುತ್ತದೆ, ಲಾರಿ ಕಂಪನಿಯದ್ದು ಎಲ್ಲಿ?

2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಸಮೀಪದ ಪೆರ್ನೆಯಲ್ಲಿ ಅಡುಗೆ ಅನಿಲದ ಟ್ಯಾಂಕರ್ ಉರುಳಿ ಬೆಂಕಿ ಹೊತ್ತಿಕೊಂಡು ಹಲವರು ಪ್ರಾಣ ಕಳೆದುಕೊಂಡರು. ಕರಾವಳಿಯ ಜನ ಆ ದಿನವನ್ನು ಇಂದಿಗೂ ಮರೆತಿಲ್ಲ. ನವಮಂಗಳೂರು ಬಂದರಿಗೆ ಹೋಗಿಬರುವ ಟ್ಯಾಂಕರ್, ಕಂಟೈನರ್, ಸರಕು ಲಾರಿಗಳು ರಾಷ್ಟ್ರೀಯ ಹೆದ್ದಾರಿ 66 ಮತ್ತು 75ರಲ್ಲಿ ನಮ್ಮ ಮನೆ, ಶಾಲೆ, ಚರ್ಚ್‌ಗಳ ಎದುರಿನಿಂದಲೇ ಸಾಗುತ್ತವೆ. ಅಪಘಾತವಾದಾಗಲೆಲ್ಲ ನಾವು ಕೇಳುವುದು ಎರಡೇ ಪ್ರಶ್ನೆ: ಚಾಲಕ ನಿದ್ದೆಗೆ ಜಾರಿದನೇ, ಬ್ರೇಕ್ ಕೈಕೊಟ್ಟಿತೇ? ಆ ಲಾರಿಯನ್ನು ರಸ್ತೆಗಿಳಿಸಿದ ಸಂಸ್ಥೆಯ ಹಿಂದಿನ ಚರಿತ್ರೆ ಏನು ಎಂಬ ಮೂರನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಕೇಳಿದರೂ ಉತ್ತರ ಸುಲಭವಾಗಿ ಸಿಗುವುದಿಲ್ಲ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸಾವನ್ನಪ್ಪಿದರು. ಇಷ್ಟು ದೊಡ್ಡ ಸಂಖ್ಯೆಯನ್ನು ಬರೀ ಚಾಲಕರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ.

ಮೊದಲು, ಲಭ್ಯವಿರುವುದನ್ನು ನೋಡೋಣ. ಸರಕಾರದ ಪರಿವಾಹನ್ ಜಾಲತಾಣದಲ್ಲಿ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿ ಲಾರಿಯ ನಂಬರ್ ಹಾಕಿದರೆ ಅದು ಯಾವಾಗ ನೋಂದಣಿಯಾಯಿತು, ಎಫ್‌ಸಿ, ವಿಮೆ ಮತ್ತು ಹೊಗೆ ತಪಾಸಣೆಯ ಅವಧಿ ಎಂದು ಮುಗಿಯುತ್ತದೆ ಎಂಬುದು ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ. ಎಂಟು ವರ್ಷದವರೆಗಿನ ಸಾರಿಗೆ ವಾಹನಕ್ಕೆ ಎರಡು ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯದಕ್ಕೆ ಪ್ರತಿ ವರ್ಷ ಎಫ್‌ಸಿ ಆಗಲೇಬೇಕು. ಮೂರನೇ ವ್ಯಕ್ತಿಯ ವಿಮೆಯಂತೂ ಮೋಟಾರು ವಾಹನ ಕಾಯಿದೆಯಡಿ ಕಡ್ಡಾಯ. ವಿಮೆಯಿಲ್ಲದ ಲಾರಿ ಯಾರನ್ನಾದರೂ ಕೊಂದರೆ ಪರಿಹಾರವನ್ನು ಮಾಲಕನೇ ಕೊಡಬೇಕು. ಸಾಲದ ಮೇಲೆ ಒಂದೇ ಲಾರಿ ಇಟ್ಟುಕೊಂಡವನಿಂದ ಲಕ್ಷಾಂತರ ರೂಪಾಯಿ ವಸೂಲಿ ಮಾಡುವುದು ಹೇಗೆ? ನ್ಯಾಯಾಲಯದ ತೀರ್ಪು ಕೈಯಲ್ಲಿದ್ದೂ ಆ ಕುಟುಂಬ ಬರಿಗೈಯಲ್ಲಿ ಉಳಿಯುತ್ತದೆ.

ಆದರೆ ಈ ದಾಖಲೆಗಳೆಲ್ಲ ಒಂದೊಂದು ಲಾರಿಯವು. ಇಪ್ಪತ್ತು ಲಾರಿಗಳ ಒಂದು ಟ್ರಾನ್ಸ್‌ಪೋರ್ಟ್ ಕಂಪನಿಯ ಎಷ್ಟು ಲಾರಿಗಳು ಕಳೆದ ಎರಡು ವರ್ಷದಲ್ಲಿ ಅಪಘಾತಕ್ಕೀಡಾದವು, ಎಷ್ಟು ಸಲ ಅಧಿಕ ಭಾರಕ್ಕೆ ದಂಡ ಬಿತ್ತು ಎಂಬುದನ್ನು ಕಂಪನಿಯ ಹೆಸರಿನಲ್ಲಿ ಹುಡುಕಿ ನೋಡುವ ಸಾರ್ವಜನಿಕ ವ್ಯವಸ್ಥೆ ನಮ್ಮಲ್ಲಿಲ್ಲ. ಮೇಲಾಗಿ ಬುಕಿಂಗ್ ಮಾಡುವವರು ಒಬ್ಬರು, ಲಾರಿಯ ಮಾಲಕರು ಇನ್ನೊಬ್ಬರು. ನಮ್ಮ ಹೆದ್ದಾರಿಯಲ್ಲಿ ಓಡುವ ಲಾರಿಗಳಲ್ಲಿ ನಾಗಾಲ್ಯಾಂಡಿನ ನೋಂದಣಿಯವೂ ಕಾಣಸಿಗುತ್ತವೆ. ಅದು ಕಾನೂನುಬಾಹಿರವೇನಲ್ಲ. ಆದರೆ ಅನಾಹುತವಾದಾಗ ಹೊಣೆ ಯಾರದೆಂದು ಹುಡುಕುತ್ತಾ ಹೋದವರಿಗೆ ದಾರಿ ದೂರವಾಗುತ್ತದೆ.

ಹಾಗೆಂದು ಕಾನೂನೇ ಇಲ್ಲವೆನ್ನುವಂತಿಲ್ಲ. 2007ರ ರಸ್ತೆ ಮೂಲಕ ಸರಕು ಸಾಗಣೆ ಕಾಯಿದೆ 2011ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಸಾರ್ವಜನಿಕರಿಂದ ಸರಕು ಪಡೆದು ಸಾಗಿಸುವ ಪ್ರತಿಯೊಂದು ಸಂಸ್ಥೆಯೂ ಇದರಡಿ ನೋಂದಣಿ ಮಾಡಿಸಿಕೊಳ್ಳಬೇಕು. ನೋಂದಣಿಯ ಅವಧಿ ಹತ್ತು ವರ್ಷ. ಆರ್‌ಸಿಯಲ್ಲಿ ನಮೂದಿಸಿದ ತೂಕಕ್ಕಿಂತ ಹೆಚ್ಚು ಹೇರುವಂತಿಲ್ಲ, ತಪ್ಪಿದರೆ ನೋಂದಣಿಯನ್ನು ಅಮಾನತು ಮಾಡಲೂ ಅವಕಾಶವಿದೆ. ಅಂದರೆ ಕಂಪನಿಯನ್ನೇ ಹೊಣೆಗಾರನನ್ನಾಗಿಸುವ ಬಾಗಿಲು ಇದೆ. ಅದನ್ನು ಜನರಿಗೆ ತೆರೆದಿಟ್ಟಿಲ್ಲ, ಅಷ್ಟೇ. 2019ರ ತಿದ್ದುಪಡಿಯ ನಂತರ ಅಧಿಕ ಭಾರಕ್ಕೆ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಆದರೆ ಆ ದಂಡ ಒಂದು ಲಾರಿಯ ಲೆಕ್ಕಕ್ಕೆ ಸೇರಿ ಅಲ್ಲಿಗೇ ಮುಗಿದುಹೋಗುತ್ತದೆ.

ಅಮೆರಿಕದಲ್ಲಿ ಬೇರೆ ಕ್ರಮವಿದೆ. ಅಲ್ಲಿ ರಾಜ್ಯದಿಂದ ರಾಜ್ಯಕ್ಕೆ ಸರಕು ಸಾಗಿಸುವ ಕಂಪನಿಗಳಿಗೆ ಸಾರಿಗೆ ಇಲಾಖೆ ಒಂದು ಸಂಖ್ಯೆ ಕೊಡುತ್ತದೆ. ಅದನ್ನು ಟ್ರಕ್ಕಿನ ಎರಡೂ ಬದಿಗಳಲ್ಲಿ ಬರೆಸಿರಬೇಕು. ಆ ಸಂಖ್ಯೆಯಿಂದ ಕಂಪನಿಯ ವಾಹನಗಳೆಷ್ಟು, ಚಾಲಕರೆಷ್ಟು, ಎರಡು ವರ್ಷಗಳಲ್ಲಿ ಆದ ಅಪಘಾತಗಳೆಷ್ಟು, ತಪಾಸಣೆಯಲ್ಲಿ ಎಷ್ಟು ವಾಹನಗಳನ್ನು ರಸ್ತೆಗೆ ಅಯೋಗ್ಯವೆಂದು ನಿಲ್ಲಿಸಲಾಯಿತು ಎಂಬುದನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಕೆಟ್ಟ ಹೆಸರು ಬಂದ ಕಂಪನಿ ಬಾಗಿಲು ಮುಚ್ಚಿ, ಹೊಸ ಹೆಸರಿನಲ್ಲಿ ಮತ್ತೆ ತೆರೆಯುವ ಕಪಟ ಅಲ್ಲೂ ಇದೆ. ಆದರೂ ಸರಕು ಕೊಡುವವನು 'ನನಗೆ ಗೊತ್ತಿರಲಿಲ್ಲ' ಎಂದು ಹೇಳುವುದು ಅಲ್ಲಿ ಕಷ್ಟ.

ಇಲ್ಲಿ ಆ ವ್ಯವಸ್ಥೆ ಬರುವ ತನಕ ಬಾಡಿಗೆ ಕೊಡುವವರಾದ ನಾವೇ ಕೇಳಬೇಕಾಗಿದೆ. ಚರ್ಚ್ ಸಭಾಭವನಕ್ಕೆ ಜಲ್ಲಿ, ಶಾಲೆಯ ಕಟ್ಟಡಕ್ಕೆ ಕೆಂಪುಕಲ್ಲು, ಹಬ್ಬಕ್ಕೆ ಪೆಂಡಾಲಿನ ಸಾಮಾನು ಹೀಗೆ ವರ್ಷವಿಡೀ ನಮ್ಮ ಪಾಲನಾ ಮಂಡಳಿಗಳು ಲಾರಿ ಗೊತ್ತುಮಾಡುತ್ತವೆ. ಕೊಟೇಶನ್ ನೋಡುವಾಗ ಕಡಿಮೆ ದರವೊಂದನ್ನೇ ನೋಡಿದರೆ ಸಾಲದು. ಬೇರೆಯವರು ಮೂರು ಟ್ರಿಪ್ಪಿಗೆ ಹೇಳುವ ಕೆಲಸವನ್ನು ಒಬ್ಬರು ಎರಡೇ ಟ್ರಿಪ್ಪಿನಲ್ಲಿ ಮುಗಿಸುತ್ತೇನೆಂದರೆ ಆ ಉಳಿತಾಯ ಎಲ್ಲಿಂದ ಬಂತೆಂದು ಯೋಚಿಸಬೇಕು. ಸಂಸ್ಥೆಯ ನೋಂದಣಿ ಪತ್ರ, ಲಾರಿಯ ಆರ್‌ಸಿ, ಎಫ್‌ಸಿ, ವಿಮೆ, ಚಾಲಕರ ಲೈಸೆನ್ಸ್ ಇವುಗಳ ಪ್ರತಿ ಕೇಳಿ ಪಡೆದು, ನಂಬರ್ ಹಾಕಿ ಪರಿಶೀಲಿಸಿ, ಕಡತದಲ್ಲಿ ಇಟ್ಟುಕೊಳ್ಳುವುದು ಅರ್ಧ ಗಂಟೆಯ ಕೆಲಸ. ಕೆಲಸದ ದಿನ ಬಂದು ನಿಂತದ್ದು ಅದೇ ಲಾರಿಯೇ ಎಂದು ನೋಡುವುದೂ ಅಷ್ಟೇ ಮುಖ್ಯ.

ಇನ್ನೊಂದು ಮಾತು. ಹೊರೆಕಾಣಿಕೆಯ ದಿನ ಸಾಮಾನಿನೊಂದಿಗೆ ಯುವಕರೂ ಮಕ್ಕಳೂ ಲಾರಿ ಹತ್ತುತ್ತಾರೆ. ಸರಕು ವಾಹನದಲ್ಲಿ ಸುಮ್ಮನೆ ಹತ್ತಿದ ಪ್ರಯಾಣಿಕರಿಗೆ ಕಡ್ಡಾಯ ವಿಮೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಆಶಾ ರಾಣಿ ಪ್ರಕರಣದಲ್ಲಿ 2002ರಲ್ಲೇ ತೀರ್ಪು ನೀಡಿದೆ. ಲಾರಿಯ ದಾಖಲೆಗಳೆಲ್ಲ ಸರಿಯಿದ್ದರೂ ಆ ಮಕ್ಕಳಿಗೆ ಅವು ರಕ್ಷಣೆಯಾಗಲಾರವು. ವಾಳೆಯ ಗುರಿಕಾರರು ಇದನ್ನು ಮನೆಮನೆಗೆ ತಿಳಿಸಲಿ.

ಚಾಲಕರನ್ನೂ ಮರೆಯದಿರೋಣ. ದಿನಕ್ಕೆ ಎಂಟು ಗಂಟೆಯ ದುಡಿಮೆ ಎಂದು ಸಾರಿಗೆ ಕಾರ್ಮಿಕರ ಕಾಯಿದೆ 1961ರಲ್ಲೇ ಗೆರೆ ಎಳೆದಿತ್ತು. ಇಂದು ರಾತ್ರಿಯೇ ಹೊರಟು ನಾಳೆ ಬೆಳಿಗ್ಗೆ ಮುಟ್ಟಲೇಬೇಕೆಂದು ಪಟ್ಟು ಹಿಡಿಯುವ ನಾವು ಆ ಗೆರೆಯನ್ನು ಅಳಿಸುವವರಲ್ಲಿ ಸೇರುತ್ತೇವೆ.

ಸಾಗಣೆ ಸಂಸ್ಥೆಗಳ ನೋಂದಣಿ ಪಟ್ಟಿಯನ್ನೂ ಅವುಗಳ ಅಪಘಾತ ಮತ್ತು ದಂಡದ ವಿವರಗಳನ್ನೂ ಒಂದೇ ಕಡೆ, ಎಲ್ಲರೂ ಕಾಣುವಂತೆ ಪ್ರಕಟಿಸಬೇಕೆಂದು ನಮ್ಮ ಶಾಸಕರು, ಸಂಸದರು, ಸಾರಿಗೆ ಅಧಿಕಾರಿಗಳನ್ನು ನಾವು ಕೇಳಬೇಕು. ಪ್ರಾಮಾಣಿಕವಾಗಿ ಲಾರಿ ಓಡಿಸುವ ಮಾಲಕರಿಗೆ ಇದರಿಂದ ನಷ್ಟವಿಲ್ಲ, ಲಾಭವೇ ಇದೆ. ಇಂದು ನಿಯಮ ಪಾಲಿಸುವವರ ದರವೂ ಪಾಲಿಸದವರ ದರವೂ ಒಂದೇ ತಕ್ಕಡಿಯಲ್ಲಿ ತೂಗಲ್ಪಡುತ್ತಿವೆ, ಸೋಲುತ್ತಿರುವವರು ನಿಯಮ ಪಾಲಿಸುವವರು.